ಮೂರು ಬಲ್ಬು, ಮೂರು ಕ್ಲಾಸು

ಧಾರವಾಡದ ಸಪ್ತಾಪುರದಲ್ಲಿ ಸಂಜೆ ಐದೂವರೆ ಆಯಿತೆಂದರೆ ರಸ್ತೆ ತುಂಬ ಬೆನ್ನಿಗೆ ಬ್ಯಾಗು ಏರಿಸಿದ ಹುಡುಗ ಹುಡುಗಿಯರು. ಕೆಎಎಸ್, ಪಿಎಸ್‌ಐ, ನೀಟ್, ಸಿಇಟಿ ಎಂದು ತಲೆ ಎತ್ತಿದಲ್ಲೆಲ್ಲ ಫ್ಲೆಕ್ಸು, ಫ್ಲೆಕ್ಸಿನ ತುಂಬ ರ‍್ಯಾಂಕ್ ಬಂದವರ ಮುಖಗಳು. ನೀವು ಆ ದೊಡ್ಡ ಹಾಲುಗಳ ಕಡೆ ಹೋಗುವುದಿಲ್ಲ. ಝೆರಾಕ್ಸ್ ಅಂಗಡಿ ದಾಟಿ ಎಡಕ್ಕೆ ಹೊರಳಿ, ಹಂಚಿನ ಮನೆಯೊಂದರ ಕಟ್ಟೆ ಹತ್ತುತ್ತೀರಿ. ಬೋರ್ಡಿಲ್ಲ. ಹೊಸ್ತಿಲ ಹೊರಗೆ ಮೂರು ಜೋಡಿ ಚಪ್ಪಲಿ ಇವೆ, ಅದೇ ಗುರುತು.

ಪಡಸಾಲೆಯಲ್ಲಿ ಒಂದೇ ಟೇಬಲ್ಲು. ಅದರ ಮೇಲೊಂದು ಪ್ಲೈವುಡ್ ಹಲಗೆ, ಹಲಗೆಗೆ ಸ್ಕ್ರೂ ಹೊಡೆದ ಬಲ್ಬ್ ಹೋಲ್ಡರುಗಳು, ಎರಡು ಸೆಲ್ಲು, ಕೆಂಪು ಕಪ್ಪು ವೈರು. ಬಲ್ಬುಗಳು ಹಳೆಯ ಟಾರ್ಚಿನವು, ಒಳಗೆ ತಂತಿ ಕಾಣುವಂಥವು. ಎಲ್‌ಇಡಿ ಬಂದಮೇಲೆ ಇವನ್ನು ಹುಡುಕಿ ತರಬೇಕು. ಸುತ್ತ ಕೂತವರು ಮೂವರು: ಕನ್ನಡ ಮಾಧ್ಯಮದ ಹತ್ತನೇ ಕ್ಲಾಸಿನ ಹುಡುಗಿ, ಸೆಕೆಂಡ್ ಪಿಯುಸಿಯ ಹುಡುಗ, ಬಿಎಸ್ಸಿ ಓದುವ ಇನ್ನೊಬ್ಬಳು. ಸರ್ ರಿಟೈರ್ ಆದ ಲೆಕ್ಚರರ್. ನಿಮಗೆ ಗೋಡೆ ಬದಿಯ ಸ್ಟೂಲು ತೋರಿಸಿ, ಹುಡುಗಿಯ ಕಡೆ ತಿರುಗುತ್ತಾರೆ. ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿಟ್ಟಿದ್ದಾರೆ. ಸ್ವಿಚ್ಚು ಇನ್ನೂ ಹಾಕಿಲ್ಲ.

“ಯಾವುದು ಜಾಸ್ತಿ ಉರೀತದವಾ?”

“ಮೊದಲನೇದ್ರೀ ಸರ್.”

“ಯಾಕ?”

“ಕರೆಂಟು ಮೊದಲ ಅಲ್ಲೇ ಹೋಗ್ತದಲ್ರೀ. ಅದು ತಿಂದು ಉಳಿದದ್ದು ಎರಡನೇದಕ್ಕ.”

ತಪ್ಪು ಎಂಬ ಮಾತು ಸರ್ ಬಾಯಿಂದ ಬರುವುದಿಲ್ಲ. “ಹಚ್ಚು ನೋಡೋಣ,” ಅಷ್ಟೇ. ಹುಡುಗಿ ಸ್ವಿಚ್ ಒತ್ತುತ್ತಾಳೆ. ಎರಡೂ ಒಂದೇ ಸಮ, ಮಂಕು ಹಳದಿ. ಅವಳು ಒಪ್ಪುವವಳಲ್ಲ. ಎರಡನೇ ಬಲ್ಬೇ ಜೋರಿನದಿರಬೇಕು ಎಂದು ಅನುಮಾನ. ಬಿಚ್ಚಿ ಅದಲು ಬದಲು ಮಾಡುತ್ತಾಳೆ. ಒಂದೇ ಸಮ. ಸೆಲ್ಲುಗಳನ್ನು ತಿರುಗಿಸಿ ಹಾಕುತ್ತಾಳೆ. ಆಗಲೂ ಅಷ್ಟೇ. ಸರ್ ಮಲ್ಟಿಮೀಟರ್ ಸರಿಸುತ್ತಾರೆ. ಮೊದಲ ಬಲ್ಬಿನ ಮುಂದೆ 0.22 ಆಂಪಿಯರ್, ಎರಡರ ನಡುವೆ 0.22, ಕೊನೆಗೆ ಸೆಲ್ಲಿಗೆ ವಾಪಸ್ ಹೋಗುವ ವೈರಿನಲ್ಲೂ 0.22. ಅವಳು ಹುಬ್ಬು ಗಂಟಿಕ್ಕಿ ಮೂರನ್ನೂ ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೊಂದು ಬರೆಯುತ್ತಾಳೆ. ಸರ್ ಅವಳನ್ನು ಅಲ್ಲಿಗೇ ಬಿಟ್ಟು ಎದ್ದುಬಿಡುತ್ತಾರೆ. ಇದು ನನಗೆ ಬಹಳ ಹಿಡಿಸಿತು. ಇನ್ನೊಬ್ಬರಾಗಿದ್ದರೆ ಅಲ್ಲೇ ನಿಯಮ ಹೇಳಿ ಮುಗಿಸುತ್ತಿದ್ದರು.

ಹುಡುಗ ಇದನ್ನೆಲ್ಲ ಓರೆಗಣ್ಣಿನಿಂದ ನೋಡುತ್ತಿದ್ದಾನೆ. ಅವನ ಮುಂದೆ ಸಿಇಟಿಯ ಹಳೆಯ ಪ್ರಶ್ನೆಪತ್ರಿಕೆಗಳ ಗೈಡು. ಭೌತಶಾಸ್ತ್ರಕ್ಕೆ 60 ಪ್ರಶ್ನೆ, 80 ನಿಮಿಷ. ಒಂದಕ್ಕೆ 80 ಸೆಕೆಂಡು. ನೀಟ್‌ನಲ್ಲಿ 45 ಪ್ರಶ್ನೆ, ಸರಿಗೆ ನಾಲ್ಕು ಅಂಕ, ತಪ್ಪಿದರೆ ಒಂದು ಕಡಿತ. ಈ ಲೆಕ್ಕ ಅವನ ನಾಲಿಗೆ ತುದಿಯಲ್ಲಿದೆ. 40 ವ್ಯಾಟಿನದೂ 100 ವ್ಯಾಟಿನದೂ ಸರಣಿಯಲ್ಲಿದ್ದರೆ ಯಾವುದು ಜೋರು ಎಂದರೆ ಕಣ್ಣು ಮಿಟುಕಿಸುವುದರೊಳಗೆ “ನಲವತ್ರೀ” ಎನ್ನುತ್ತಾನೆ. ಸರಿಯುತ್ತರ. ಸರ್‌ಗೆ ಅದೇ ಅನುಮಾನ.

ಹಲಗೆಯ ಮೇಲೆ ಮೂರನೇ ಬಲ್ಬು ಬರುತ್ತದೆ. ಎ ಒಂಟಿಯಾಗಿ ಮುಂದೆ; ಅದರ ಹಿಂದೆ ಬಿ, ಸಿ ಎರಡೂ ಪ್ಯಾರಲಲ್. ಎ ಚೆನ್ನಾಗಿ ಉರಿಯುತ್ತಿದೆ, ಬಿ ಮತ್ತು ಸಿ ಕೆಂಡದ ಬಣ್ಣಕ್ಕೆ ಇಳಿದಿವೆ.

“ಸಿ ಬಿಚ್ಚಿ ತಗದ್ರ?”

“ಬಿ ಜೋರ್ ಆಗ್ತದ್ರೀ. ಸಿ ಪಾಲಿನ ಕರೆಂಟೂ ಅದಕ್ಕ ಬರ್ತದ.”

“ಎ?”

“ಹಂಗ ಇರ್ತದ್ರೀ. ಬ್ಯಾಟರಿ ಅದ ಅಲ್ರೀ, ಅಷ್ಟ ಕರೆಂಟ್ ಕೊಡ್ತದ.”

“ಲೆಕ್ಕಾ ಮಾಡು. ಒಂದೊಂದಕ್ಕ 8 ಓಮ್ ಹಿಡಿ.”

ಅವನ ಪೆನ್ನು ಓಡುತ್ತದೆ. ಮೊದಲು 8ಕ್ಕೆ 4 ಕೂಡಿ 12 ಓಮ್. 3 ವೋಲ್ಟಿಗೆ 0.25 ಆಂಪಿಯರ್. ಸಿ ತೆಗೆದಮೇಲೆ 16 ಓಮ್, 0.19. ಉತ್ತರದ ಸುತ್ತ ಚೌಕ ಹಾಕುತ್ತಾನೆ. ಸರ್ ಸುಮ್ಮನೆ ಕೂತಿದ್ದಾರೆ. ಎರಡು ಸಂಖ್ಯೆ, ಮೇಲೊಂದು ಕೆಳಗೊಂದು. ಈಗಷ್ಟೇ ತಾನು ಆಡಿದ ಮಾತನ್ನು ತನ್ನದೇ ಕೈಬರಹ ಸುಳ್ಳು ಮಾಡಿದೆ ಎಂಬುದು ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

“ಸರ್, ಎ ಮಂದ ಆಗಬೇಕಲ್ರೀ?”

ಹತ್ತನೇ ಕ್ಲಾಸಿನವಳು ಆಗಲೇ ಕೈಚಾಚಿ ಸಿ ಬಿಚ್ಚಿದ್ದಾಳೆ. “ಆಗೇದ ನೋಡೋ ಅಣ್ಣಾ.”

ಈ ಹುಡುಗನಂಥವರು ಸಪ್ತಾಪುರದಲ್ಲಷ್ಟೇ ಇಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲಿಲಿಯನ್ ಮೆಕ್‌ಡರ್ಮಟ್ ಮತ್ತು ಪೀಟರ್ ಶಾಫರ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೀಗೆಯೇ ಬಲ್ಬುಗಳ ಪ್ರಶ್ನೆ ಇದೆ: ಒಂದೇ ತರದ ಐದು ಬಲ್ಬು, ಮೂರು ಸರ್ಕೀಟು, ಬೆಳಕಿನ ಪ್ರಕಾರ ಸಾಲಾಗಿ ಹೇಳಿ. ಸೂತ್ರಗಳನ್ನೆಲ್ಲ ಕಲಿತ ಕಾಲೇಜು ಹುಡುಗರಲ್ಲೂ ಸರಿಯಾಗಿ ಹೇಳಿದವರು ನೂರಕ್ಕೆ ಸುಮಾರು 15 ಮಂದಿ. ಕರೆಂಟು ಖರ್ಚಾಗುತ್ತದೆ, ಬ್ಯಾಟರಿ ಯಾವಾಗಲೂ ಒಂದೇ ಕರೆಂಟು ಕೊಡುತ್ತದೆ ಎಂಬ ಎರಡು ನಂಬಿಕೆಗಳೂ ಅಲ್ಲಿವೆ. ಈ ಟೇಬಲ್ಲಿನ ಆಚೆ ಈಚೆ ಕೂತಿರುವುದೂ ಅವೇ. ಹುಡುಗನ ಅಂಕಪಟ್ಟಿ ಹುಡುಗಿಯ ಅಂಕಪಟ್ಟಿಗಿಂತ ಎರಡು ವರ್ಷ ಮುಂದಿದೆ. ಅವನ ಬ್ಯಾಟರಿ ಮಾತ್ರ ಹತ್ತನೇ ಕ್ಲಾಸು ದಾಟಿಲ್ಲ.

ಬಿಎಸ್ಸಿಯವಳಿಗೆ ಈ ಆಟವೆಲ್ಲ ಮುಗಿದ ಕತೆ. ಅವಳ ಕೈಗೆ ಸರ್ ಒಂದು ಬಿಡಿ ಬಲ್ಬು ಕೊಟ್ಟಿದ್ದಾರೆ. ಲೋಹದ ಕತ್ತಿನ ಮೇಲೆ 2.5 ವೋಲ್ಟ್, 0.3 ಆಂಪಿಯರ್ ಎಂದು ಕೊರೆದಿದೆ. ಭಾಗಿಸಿದರೆ 8.3 ಓಮ್. ಮಲ್ಟಿಮೀಟರಿಗೆ ಹಿಡಿದರೆ ಒಂದು ಓಮ್‌ನ ಆಸುಪಾಸು. ಮೀಟರಿನ ಬ್ಯಾಟರಿ ಹೋಗಿದೆ ಎಂದುಕೊಂಡು ಇನ್ನೊಂದು ಬಲ್ಬು ಹಿಡಿಯುತ್ತಾಳೆ. ಅದೂ ಅಷ್ಟೇ.

“ಸಾಲಿಡ್ ಸ್ಟೇಟ್ ನೋಟ್ಸ್ ತಗಿ,” ಎನ್ನುತ್ತಾರೆ ಸರ್. “ಕಾದ ಲೋಹದಾಗ ಏನಾಗ್ತದಂತ ಬರದೀದಿ?”

“ಲ್ಯಾಟಿಸ್ ವೈಬ್ರೇಶನ್ ಹೆಚ್ಚಾಗ್ತದ್ರೀ, ಎಲೆಕ್ಟ್ರಾನ್ ಸ್ಕ್ಯಾಟರಿಂಗ್ ಹೆಚ್ಚಾಗ್ತದ...” ಮಾತು ಅಲ್ಲಿಗೇ ನಿಲ್ಲುತ್ತದೆ. ಕೈಯಲ್ಲಿರುವ ಬಲ್ಬು ತಣ್ಣಗಿದೆ. ಹೊತ್ತಿದಾಗ ಟಂಗ್‌ಸ್ಟನ್ ತಂತಿ ಎರಡು ಸಾವಿರ ಡಿಗ್ರಿಗೂ ಮೇಲೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಸಾಲು ಹೆಬ್ಬೆರಳು ತೋರುಬೆರಳಿನ ನಡುವೆ ಇದೆ ಎಂದು ಅವಳಿಗೆ ಗೊತ್ತಾಗುತ್ತಿರುವುದನ್ನು ನೀವು ಸ್ಟೂಲಿನಿಂದಲೇ ನೋಡಬಹುದು.

“ಹಂಗಾದ್ರ ನನ್ನ 8 ಓಮ್ ಸುಳ್ಳೇನ್ರೀ?” ಹುಡುಗನ ತಕರಾರು. ಸುಳ್ಳೇ. ಮಂಕಾಗಿ ಉರಿಯುವ ಬಲ್ಬಿಗೆ 8 ಓಮ್ ಇರುವುದಿಲ್ಲ. ಆದರೆ ಯಾವುದು ಜೋರು, ಯಾವುದು ಮಂದ ಎಂಬ ಉತ್ತರ ಕೆಡುವುದಿಲ್ಲ. ಎಷ್ಟು ಸುಳ್ಳನ್ನು ಯಾವಾಗ ಹಿಡಿಯಬಹುದು ಎಂಬುದನ್ನು ಬಿಎಸ್ಸಿಯವಳು ಅವನಿಗೆ ವಿವರಿಸಬೇಕಂತೆ. ಸರ್ ಚಹಾ ತರಲು ಒಳಗೆ ಹೋಗುತ್ತಾರೆ.

ಒಬ್ಬರಿಗೊಬ್ಬರು ಎದುರು ಕೂತು ಕಲಿಸುವುದರ ಬಗ್ಗೆ ದೊಡ್ಡ ಮಾತುಗಳಿವೆ. 1984ರಲ್ಲಿ ಶಿಕ್ಷಣ ಸಂಶೋಧಕ ಬೆಂಜಮಿನ್ ಬ್ಲೂಮ್, ಹೀಗೆ ಕಲಿತ ಸಾಧಾರಣ ವಿದ್ಯಾರ್ಥಿ ತರಗತಿಯಲ್ಲಿ ಕಲಿತ ನೂರರಲ್ಲಿ 98 ಮಂದಿಯನ್ನು ಹಿಂದಿಕ್ಕುತ್ತಾನೆ ಎಂದು ಬರೆದರು. 2011ರಲ್ಲಿ ಇನ್ನೊಬ್ಬ ಸಂಶೋಧಕ ಕರ್ಟ್ ವಾನ್‌ಲೆನ್ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಲಾಭ ಅದರ ಅರ್ಧಕ್ಕೂ ಕಡಿಮೆ ಕಂಡಿತು. ಅಷ್ಟೂ ಸಣ್ಣದಲ್ಲ. ಆದರೆ ಬರೀ ಎದುರಿಗೆ ಕೂರುವುದರಿಂದ ಏನೂ ಬರುವುದಿಲ್ಲ ಎಂದು ನನಗನ್ನಿಸುತ್ತದೆ. ಮನೆಗೇ ಬಂದು ಗೈಡು ಓದಿಸಿ ಹೋಗುವ ಟ್ಯೂಷನ್ನೂ ಒಬ್ಬರಿಗೊಬ್ಬರೇ ಅಲ್ಲವೇ.

ಚಹಾ ಬರುವಷ್ಟರಲ್ಲಿ ಹುಡುಗಿಯ ಪ್ರಶ್ನೆ ಸಿದ್ಧವಾಗಿದೆ. ಸ್ವಿಚ್ ಒತ್ತಿದ ಕೂಡಲೇ ಎರಡೂ ಬಲ್ಬು ಒಮ್ಮೆಲೇ ಹತ್ತಿದ್ದು ಹೇಗೆ? ಹುಡುಗನಿಗೆ ಇದು ಗೊತ್ತು. “ಎಲೆಕ್ಟ್ರಾನ್ ಹರೀತಾವಲ್ಲ. ನಮ್ಮ ಬುಕ್‌ನ್ಯಾಗ ಡ್ರಿಫ್ಟ್ ಸ್ಪೀಡ್ ಲೆಕ್ಕಾ ಐತಿ, ಸೆಕೆಂಡಿಗೆ 1.1 ಮಿಲಿಮೀಟರ್.”

“ಅಷ್ಟೇನಾ? ಹಂಗಾದ್ರ ಒಂದು ಮೀಟರ್ ವೈರು ದಾಟಾಕ?”

ಅವನು ಭಾಗಿಸುತ್ತಾನೆ. ಹದಿನೈದು ನಿಮಿಷ. ಮೂವರೂ ಸ್ವಿಚ್ಚನ್ನು ನೋಡುತ್ತಾರೆ. ಸರ್ ಕಟ್ಟೆಗೆ ಒರಗಿಸಿದ ಹುಡುಗಿಯ ಸೈಕಲ್ಲಿನ ಕಡೆ ಗಲ್ಲ ಎತ್ತುತ್ತಾರೆ: ಪೆಡಲು ತುಳಿದರೆ ಹಿಂದಿನ ಗಾಲಿ ಆಗಲೇ ತಿರುಗುತ್ತದೆ, ಚೈನಿನ ಆ ಕೊಂಡಿ ಅಲ್ಲಿಗೆ ಮುಟ್ಟುವವರೆಗೆ ಕಾಯುತ್ತದೇನು? “ಮತ್ತ ಗಾಲಿ ತಿರುಗಿಸಿ ಬಂದ ಚೈನು ಕಡಿಮಿ ಆಗೇದೇನು?” ಹುಡುಗಿ ತಟ್ಟನೆ ನೋಟ್‌ಬುಕ್ ತೆರೆದು ಮೂರು 0.22ಗಳಿಗೆ ಒಂದು ಸುತ್ತು ಗೆರೆ ಎಳೆಯುತ್ತಾಳೆ.

ಏಳಾಯಿತು. ಬಾಗಿಲಲ್ಲಿ ಹುಡುಗನ ತಂದೆ, ಕೈಯಲ್ಲಿ ಹೆಲ್ಮೆಟ್ಟು.

“ಇವತ್ತ ಎಷ್ಟ ಚಾಪ್ಟರ್ ಆದೂವ್ರೀ ಸರ್?”

“ಮೂರು ಬಲ್ಬ್ ಆದೂವ್ರೀ.”

“ಪೋರ್ಷನ್ ಮುಗೀತದಲ್ರೀ?”

“ಮುಗೀತದ್ರೀ. ಮುಂದಿನ ವಾರ ಇವಾ ಈ ಹುಡುಗಿಗೆ ಪ್ಯಾರಲಲ್ ಸರ್ಕೀಟು ಕಲಸ್ತಾನ. ಎಲ್ಲಿ ತಡವರಿಸ್ತಾನ ನೋಡೀನಿ ಅಂದ್ರ ನನ್ನ ಕೆಲಸ ಸಲೀಸ.”

ತಂದೆ ಮಗನನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡುತ್ತಾರೆ. “ಅಲ್ರೀ ಸರ್, ಹಂಗಾದ್ರ ಫೀಜು ಯಾರು ಯಾರಿಗೆ ಕೊಡೂದ್ರೀ?”