ಆಟ ಕಟ್ಟುವವನ ಮನೆಯ ಲೆಕ್ಕ

ಗಣಕಯಂತ್ರದ ಮುಂದೆ ಕುಳಿತು ಆಟವಾಡುವ ಮಕ್ಕಳನ್ನು ಗದರಿಸದ ಮನೆ ನಮ್ಮಲ್ಲಿ ಅಪರೂಪ. ಆದರೆ ಆಟವನ್ನು ಆಡುವುದು ಬೇರೆ, ಅದನ್ನು ಕಟ್ಟುವುದು ಬೇರೆ ಎಂಬುದನ್ನು ನನಗೆ ತಿಳಿಸಿಕೊಟ್ಟವನು ನನ್ನ ತಂಗಿಯ ಮಗ. ಧಾರವಾಡದಲ್ಲಿ ಪದವಿ ಮುಗಿಸಿ ಕೆಲಸ ಹುಡುಕುತ್ತಿದ್ದ ಹುಡುಗ, 2023ರ ಬೇಸಿಗೆಯಲ್ಲಿ ತಾನೇ ಒಂದು ಆಟವನ್ನು ರಚಿಸಿ ಮಾರುವೆನೆಂದು ಹಟ ತೊಟ್ಟನು. ಗಂಡ ತೀರಿಕೊಂಡ ಮೇಲೆ ಹೊಲಿಗೆಯ ವರಮಾನದಿಂದಲೇ ಮನೆ ನಡೆಸುತ್ತಿರುವ ತಂಗಿ, ಅವನಿಗೆ ಒಂದೂವರೆ ವರ್ಷದ ಗಡುವನ್ನೂ ಹದಿನೈದು ಸಾವಿರ ರೂಪಾಯಿಗಳನ್ನೂ ಕೊಟ್ಟಳು. ನಾನು ಬ್ಯಾಂಕಿನಲ್ಲಿ ಸಾಲದ ಕಾಗದಪತ್ರಗಳನ್ನು ಓದಿ ಓದಿಯೇ ನಿವೃತ್ತನಾದವನು. ಆದ್ದರಿಂದ ಯಾವ ಸಾಧನವನ್ನು ಆರಿಸಿಕೊಳ್ಳಬೇಕೆಂಬ ಪಂಚಾಯಿತಿ ನನ್ನ ಪಾಲಿಗೆ ಬಂದಿತು.

ಅವನು ಕಟ್ಟಬಯಸಿದ್ದು ಪ್ಲಾಟ್‌ಫಾರ್ಮರ್ ಎಂಬ ಜಾತಿಯ ಆಟ. 1985ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ ಹೊರತಂದ ಸೂಪರ್ ಮಾರಿಯೊ ಬ್ರದರ್ಸ್ ಆಟವನ್ನು ಕಂಡವರಿಗೆ ಇದರ ಸ್ವರೂಪ ಗೊತ್ತು. ಪರದೆಯ ಮೇಲೆ ಮಗ್ಗುಲಿನಿಂದ ಕಾಣುವ ಒಂದು ಪಾತ್ರ ಓಡುತ್ತದೆ, ಹಳ್ಳ ದಿಬ್ಬಗಳನ್ನು ಜಿಗಿಯುತ್ತದೆ, ಕಟ್ಟೆಯಿಂದ ಕಟ್ಟೆಗೆ ಹಾರುತ್ತದೆ. ಪಾತ್ರವು ಕೆಳಕ್ಕೆ ಬೀಳಬೇಕು, ಗೋಡೆಗೆ ತಾಗಿದರೆ ನಿಲ್ಲಬೇಕು, ಒಂದು ಸೆಕೆಂಡಿಗೆ ಅರವತ್ತು ಬಾರಿ ಚಿತ್ರ ಹೊಸದಾಗಿ ಮೂಡಬೇಕು. ಇವೆಲ್ಲವನ್ನೂ ಒಬ್ಬನೇ ಮೊದಲಿನಿಂದ ಬರೆಯಹೊರಟರೆ ಒಲೆ ಹೂಡಿ, ಪಾತ್ರೆ ಎರಕ ಹೊಯ್ದು ಆಮೇಲೆ ಅನ್ನಕ್ಕಿಟ್ಟಂತೆ! ಒಲೆ ಪಾತ್ರೆಗಳನ್ನು ಸಿದ್ಧವಾಗಿ ಒದಗಿಸುವ ತಂತ್ರಾಂಶಕ್ಕೇ ಗೇಮ್ ಎಂಜಿನ್ ಎಂದು ಹೆಸರು.

ರುಚಿಯನ್ನು ಮಾತ್ರ ಯಾವ ಎಂಜಿನ್ನೂ ಕೊಡದು. ಕಟ್ಟೆಯ ಅಂಚನ್ನು ದಾಟಿದ ಮೇಲೂ ಕಣ್ಣೆವೆ ಇಕ್ಕುವಷ್ಟು ಹೊತ್ತು ಜಿಗಿತಕ್ಕೆ ಅವಕಾಶ ಕೊಟ್ಟರೆ ಆಡುವವನಿಗೆ ಆಟ ನ್ಯಾಯವಾಗಿದೆ ಎನಿಸುತ್ತದಂತೆ, ಕೊಡದಿದ್ದರೆ ಮೋಸವೆನಿಸುತ್ತದಂತೆ. ಹುಡುಗ ಈ ಒಂದು ಜಿಗಿತವನ್ನು ತಿದ್ದುವುದರಲ್ಲಿಯೇ ಮೂರು ವಾರ ಕಳೆದನು. ಅಳತೆ ನೋಡಿ ಕತ್ತರಿಸಿ, ಮತ್ತೆ ಬಿಚ್ಚಿ ಹೊಲಿಯುವ ತಾಯಿಯ ಮಗನಲ್ಲವೇ?

ನಮ್ಮ ಮುಂದಿದ್ದವು ಮುಖ್ಯವಾಗಿ ಮೂರು. ಮೊದಲನೆಯದು ಯೂನಿಟಿ. ಆಸ್ಟ್ರೇಲಿಯಾದ ಅಡಿಲೇಡ್ ನಗರದ ಒಂದು ಪುಟ್ಟ ತಂಡ ಇದರಿಂದಲೇ ಹಾಲೋ ನೈಟ್ ಎಂಬ ಆಟವನ್ನು ರಚಿಸಿ 2017ರಲ್ಲಿ ಲೋಕಪ್ರಸಿದ್ಧವಾಯಿತು. ವರ್ಷಕ್ಕೆ ಒಂದು ಲಕ್ಷ ಡಾಲರಿಗಿಂತ ಕಡಿಮೆ ವರಮಾನವಿದ್ದವರಿಗೆ ಆಗ ಅದು ಉಚಿತವಾಗಿತ್ತು. ಎರಡನೆಯದು ಗೇಮ್‌ಮೇಕರ್. ನೆದರ್ಲೆಂಡ್ಸ್‌ನ ವಿದ್ವಾಂಸ ಮಾರ್ಕ್ ಓವರ್‌ಮಾರ್ಸ್ 1999ರಲ್ಲಿ ಆರಂಭಿಸಿದ ಇದು ಎರಡು ಆಯಾಮದ ಆಟಗಳಿಗೆ ಹೇಳಿ ಮಾಡಿಸಿದಂಥದು. ಆದರೆ ಮಾರಾಟ ಮಾಡಬೇಕಾದರೆ ಆಗ ಚಂದಾ ಕಟ್ಟಬೇಕಿತ್ತು. ಮೂರನೆಯದು ಗೊಡೊ. ಅರ್ಜೆಂಟೀನಾದ ಹುವಾನ್ ಲಿನಿಯೆಟ್ಸ್‌ಕಿ ಮತ್ತು ಆರಿಯೆಲ್ ಮನ್ಸೂರ್ ಕಟ್ಟಿ, 2014ರಲ್ಲಿ ಮೂಲಸಂಕೇತದೊಡನೆ ಸರ್ವರಿಗೂ ತೆರೆದಿಟ್ಟದ್ದು. ನಾವು ಇಳಿಸಿಕೊಂಡಾಗ ಅದರ ಕಡತ ನೂರು ಮೆಗಾಬೈಟಿಗೂ ಕಡಿಮೆಯಿತ್ತು. ಅವನ ಹಳೆಯ ಲ್ಯಾಪ್‌ಟಾಪು ಏದುಸಿರು ಬಿಡದೆ ಅದನ್ನು ನಡೆಸಿತು.

ನಾನು ಪರವಾನಗಿಯ ಕರಾರುಗಳನ್ನೇ ತರಿಸಿಕೊಂಡು ಓದಿದೆನು. ಸಾಲಪತ್ರದಲ್ಲಿ ಬಡ್ಡಿಯ ದರ ಎಷ್ಟೆಂಬುದಕ್ಕಿಂತ, ಅದನ್ನು ಬದಲಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ಮೊದಲು ನೋಡಬೇಕು. ಇದು ನನ್ನ ವೃತ್ತಿ ಕಲಿಸಿದ ಕಣ್ಣು. ಕಂಪನಿಗಳ ಕರಾರುಗಳು ಪುಟಗಟ್ಟಲೆ ಇದ್ದವು; ಬೆಲೆಯನ್ನೂ ಷರತ್ತನ್ನೂ ಬದಲಿಸುವ ಹಕ್ಕು ಕಂಪನಿಯದೇ ಆಗಿತ್ತು. ಗೊಡೊ ಎಂಜಿನ್ನಿನ ಎಂಐಟಿ ಪರವಾನಗಿ ಅರ್ಧ ಪುಟವೂ ಇರಲಿಲ್ಲ. ಬಳಸಿರಿ, ತಿದ್ದಿರಿ, ಮಾರಿರಿ. ಹಕ್ಕುಸ್ವಾಮ್ಯದ ಸೂಚನೆಯನ್ನು ಉಳಿಸಿರಿ. ಕೆಟ್ಟರೆ ನಾವು ಹೊಣೆಯಲ್ಲ. ಇಷ್ಟೇ ಅದರ ತಾತ್ಪರ್ಯ.

ತಂಗಿಗೆ ಇದು ಒಪ್ಪಿಗೆಯಾಗಲಿಲ್ಲ. "ಅಣ್ಣಾ, ನೌಕರಿ ಕೊಡೋರು ಎಲ್ಲಾರೂ ಯೂನಿಟಿ ಬರತೈತೇನು ಅಂತ ಕೇಳ್ತಾರಂತ. ನಾಳೆ ಆಟ ನಡೀಲಿಲ್ಲಂದ್ರ ಇವನ ಗತಿ?" ಎಂದಳು. ಅವಳ ಮಾತಿನಲ್ಲಿ ಹುರುಳಿತ್ತು. ಉದ್ಯೋಗದ ಜಾಹೀರಾತುಗಳಲ್ಲಿ ಯೂನಿಟಿಯ ಹೆಸರೇ ಹೆಚ್ಚು. ಇನ್ನೊಂದು ಕೊರತೆಯೂ ಉಂಟು: ಟಿ.ವಿ.ಗೆ ಜೋಡಿಸುವ ಆಟದ ಪೆಟ್ಟಿಗೆಗಳಿಗೆ ಗೊಡೊದಿಂದ ನೇರವಾಗಿ ಆಟವನ್ನು ಸಿದ್ಧಪಡಿಸಲಾಗದು; ಅದಕ್ಕೆ ಬೇರೆ ಸಂಸ್ಥೆಗಳ ಮೊರೆ ಹೋಗಬೇಕು.

ತೀರ್ಮಾನಕ್ಕೆ ಬಂದದ್ದು ಮಾತ್ರ ಕನ್ನಡದಿಂದ. ಅವನ ಆಟದ ಕಥೆ, ಸಂಭಾಷಣೆ ಎಲ್ಲವೂ ಕನ್ನಡದಲ್ಲಿ. ಹಳೆಯ ಗೊಡೊದಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಚೆಲ್ಲಾಪಿಲ್ಲಿ ನಿಲ್ಲುತ್ತಿದ್ದವು. 2023ರ ಮಾರ್ಚಿನಲ್ಲಿ ಬಂದ ನಾಲ್ಕನೆಯ ಆವೃತ್ತಿ, ಅಕ್ಷರಗಳನ್ನು ಕೂಡಿಸುವ ಹಾರ್ಫ್‌ಬಜ್ ಎಂಬ ಸಾಧನವನ್ನು ಒಳಗೊಂಡಿತು. ಉಚಿತವಾಗಿ ಸಿಗುವ ನೋಟೊ ಕನ್ನಡ ಅಕ್ಷರರೂಪವನ್ನು ಜೋಡಿಸಿ ಹುಡುಗ ತನ್ನ ಅಜ್ಜಿಯ ಊರಿನ ಹೆಸರನ್ನು ಪರದೆಯ ಮೇಲೆ ಮೂಡಿಸಿದನು. ಒತ್ತು ದೀರ್ಘಗಳೆಲ್ಲ ತಮ್ಮ ತಮ್ಮ ಸ್ಥಾನದಲ್ಲಿ ನಿಂತಿದ್ದವು. ತಂಗಿ ಹೊಲಿಗೆ ಯಂತ್ರವನ್ನು ನಿಲ್ಲಿಸಿ ಬಂದು ಓದಿದಳು. ಮತ್ತೆ ನೌಕರಿಯ ಮಾತೆತ್ತಲಿಲ್ಲ.

ಅದೇ ವರ್ಷ ಸೆಪ್ಟೆಂಬರ್ 12ರಂದು ಯೂನಿಟಿ ಸಂಸ್ಥೆ ಒಂದು ಹೊಸ ಶುಲ್ಕವನ್ನು ಸಾರಿತು: ನಿಗದಿತ ವರಮಾನ ಮತ್ತು ಸಂಖ್ಯೆಯನ್ನು ದಾಟಿದ ಆಟವನ್ನು ಜನರು ತಮ್ಮ ಯಂತ್ರಕ್ಕೆ ಅಳವಡಿಸಿಕೊಂಡಾಗಲೆಲ್ಲ, ರಚಿಸಿದವರು ಹಣ ತೆರಬೇಕು. ಆಗಲೇ ಮಾರಾಟದಲ್ಲಿದ್ದ ಆಟಗಳಿಗೂ ಇದು ಅನ್ವಯಿಸುವುದಿತ್ತು. ಆಟ ರಚಿಸುವವರಲ್ಲಿ ದೊಡ್ಡ ಕೋಲಾಹಲವೆದ್ದಿತು. ಹತ್ತೇ ದಿನಗಳಲ್ಲಿ ಷರತ್ತುಗಳು ಸಡಿಲವಾದವು, ಅಕ್ಟೋಬರಿನಲ್ಲಿ ಮುಖ್ಯಾಧಿಕಾರಿ ಹುದ್ದೆ ಬಿಟ್ಟರು, 2024ರ ಸೆಪ್ಟೆಂಬರಿನಲ್ಲಿ ಶುಲ್ಕವನ್ನೇ ರದ್ದುಪಡಿಸಿ ಉಚಿತ ಬಳಕೆಯ ಮಿತಿಯನ್ನು ಎರಡು ಲಕ್ಷ ಡಾಲರಿಗೆ ಏರಿಸಲಾಯಿತು. ನ್ಯಾಯವಾಗಿ ಹೇಳಬೇಕೆಂದರೆ, ನಮ್ಮ ಹುಡುಗನಂಥವರು ಆ ಶುಲ್ಕದ ಅಡಿಯಲ್ಲಿಯೂ ಒಂದು ಪೈಸೆ ಕೊಡಬೇಕಾಗಿರಲಿಲ್ಲ. ಆದರೂ ವರ್ಷಗಟ್ಟಲೆ ದುಡಿದು ಕಟ್ಟಿದ ಮನೆಯ ನೆಲಬಾಡಿಗೆಯನ್ನು ಬೇರೊಬ್ಬರು ಒಂದು ಬೆಳಗ್ಗೆ ಬದಲಿಸಬಲ್ಲರೆಂದರೆ ನಿದ್ದೆ ಬರುವುದು ಕಷ್ಟ. ಗೇಮ್‌ಮೇಕರ್ ಕೂಡ 2023ರ ನವೆಂಬರಿನಲ್ಲಿ ಚಂದಾ ಪದ್ಧತಿಯನ್ನು ಬಹುಮಟ್ಟಿಗೆ ಕೈಬಿಟ್ಟು, ಕಲಿಯುವವರಿಗೆ ಉಚಿತ, ಮಾರುವವರಿಗೆ ಒಂದೇ ಸಲ ಸುಮಾರು ನೂರು ಡಾಲರು ಎಂದು ಮಾಡಿತು. ಈ ಬೆಲೆ ಮೊದಲೇ ಇದ್ದಿದ್ದರೆ ನಾನು ಇನ್ನೂ ಹೆಚ್ಚು ಹೊತ್ತು ಯೋಚಿಸುತ್ತಿದ್ದೆನೇನೋ.

ಎಂಜಿನ್ನಿಗೆ ಖರ್ಚಾಗದ ಹಣ ಎಲ್ಲಿ ಹೋಯಿತೆಂದು ಮನೆವಂತರು ಕೇಳಬಹುದು. ಸ್ಟೀಮ್ ಎಂಬ ಮಾರಾಟದ ಮಳಿಗೆಗೆ ಪ್ರತಿ ಆಟಕ್ಕೆ ನೂರು ಡಾಲರು, ಎಂದರೆ ಎಂಟು ಸಾವಿರಕ್ಕೂ ಮೇಲೆ. ಗೂಗಲ್ ಪ್ಲೇ ಖಾತೆಗೆ ಒಂದೇ ಸಲ ಇಪ್ಪತ್ತೈದು ಡಾಲರು. ಉಳಿದುದರಲ್ಲಿ ಚಿತ್ರ ಬರೆಯುವ ಒಂದು ಸಣ್ಣ ಫಲಕ. ಆರಂಭದ ಗೋಡೆ, ಮರಗಳ ಚಿತ್ರಗಳನ್ನು ಕೆನಿ ಎಂಬ ಡಚ್ ಕಲಾವಿದರು ಯಾವ ಷರತ್ತೂ ಇಲ್ಲದೆ ಹಂಚುವ ಸಂಗ್ರಹದಿಂದ ತೆಗೆದುಕೊಂಡನು.

ತಂಗಿ ಕೊಟ್ಟ ಗಡುವು 2024ರ ಕೊನೆಗೆ ಮುಗಿಯಿತು; ಆಟ ಮುಗಿಯಲಿಲ್ಲ. ಹುಡುಗ ಈಗ ಹಗಲು ಒಂದು ಶಾಲೆಯಲ್ಲಿ ಗಣಕಯಂತ್ರ ಕಲಿಸುತ್ತಾನೆ, ರಾತ್ರಿ ಊಟವಾದ ಮೇಲೆ ಕೆಲಸಕ್ಕೆ ಕೂಡುತ್ತಾನೆ. ತಿಂಗಳ ಚಂದಾ ಎಂಬುದಿಲ್ಲವಾದ್ದರಿಂದ ತಡವಾದುದಕ್ಕೆ ದಂಡವೂ ಬಿದ್ದಿಲ್ಲ. ಹನ್ನೆರಡು ಹಂತಗಳಲ್ಲಿ ಒಂಬತ್ತು ಸಿದ್ಧವಾಗಿವೆ. ಹತ್ತನೆಯದರಲ್ಲಿ ಧಾರವಾಡದ ಮಳೆ ಸುರಿಯಬೇಕಂತೆ, ಹೆಂಚಿನ ಮೇಲೆ ಕಾಲು ಜಾರಬೇಕಂತೆ. "ಮಾಮಾ, ಜಾರೂದು ಇನ್ನೂ ಬರೋಬರಿ ಆಗಿಲ್ರಿ" ಎಂದು ಹೋದ ವಾರ ಹೇಳಿದನು.