ಶುಭ ಶುಕ್ರವಾರದ ಒಂದು ತಪ್ಪು

ನೌಕರಿಯಲ್ಲಿರುವವನಿಗೆ ಅನ್ಯಧರ್ಮದ ಹಬ್ಬಗಳ ಪರಿಚಯವಾಗುವುದು ರಜೆಯ ಪಟ್ಟಿಯಿಂದ. ರಜೆ ಕೊಡಿಸಿದ ದೇವರು ದೊಡ್ಡ ದೇವರು. ಭಾನುವಾರ ಬಂದ ದೇವರನ್ನು ಕೇಳುವವರಿಲ್ಲ. ಈ ನ್ಯಾಯದಿಂದಲೇ ಇರಬೇಕು, ಗುಡ್ ಫ್ರೈಡೇ ಎಂದರೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದರ ಮೂರನೆಯ ದಿನದ ಈಸ್ಟರ್ ಮಾತ್ರ ಪ್ರತಿವರ್ಷವೂ ಭಾನುವಾರವೇ ಬಿದ್ದು ನಮ್ಮ ಕಣ್ಣು ತಪ್ಪಿಸಿಕೊಂಡು ಹೋಗುತ್ತದೆ. ಯೇಸು ಸತ್ತ ದಿನ ನಾವು ಕಾಲೇಜಿಗೆ ಹೋಗುವುದಿಲ್ಲ. ಅವನು ಎದ್ದ ದಿನ ಎಂದಿನಂತೆ ತಡವಾಗಿ ಏಳುತ್ತೇವೆ.

ನನ್ನ ಊರು ಸತ್ತೇಗಾಲ. 1956ರ ನವೆಂಬರ್ ಒಂದರವರೆಗೆ ನಮ್ಮ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಆದ್ದರಿಂದ ತಮಿಳು ನಮಗೆ ಪರಭಾಷೆಯಲ್ಲ, ನೆರೆಮನೆಯ ಭಾಷೆ. ಜಾಗೇರಿ, ಮಾರ್ಟಳ್ಳಿ, ಸಂದನಪಾಳ್ಯ ಮುಂತಾದ ಕಡೆ ಕ್ರೈಸ್ತ ರೈತರು ಮನೆಯಲ್ಲಿ ತಮಿಳನ್ನೂ ಸಂತೆಯಲ್ಲಿ ಕನ್ನಡವನ್ನೂ ಆಡಿಕೊಂಡು ಬಾಳುತ್ತಾರೆ. ಅಂಥದೊಂದು ಮನೆಯ ಹುಡುಗ ಮಾಧ್ಯಮಿಕ ಶಾಲೆಯಲ್ಲಿ ನನ್ನ ಬೆಂಚಿನ ಜೊತೆಗಾರ. ಒಂದು ಬುಧವಾರ ಅವನು ಹಣೆಗೆ ಬೂದಿ ಹಚ್ಚಿಕೊಂಡು ಬಂದ. ದಿನವೂ ವಿಭೂತಿ ಧರಿಸುತ್ತಿದ್ದ ನಮಗೆ, ಕೊನೆಗೂ ಇವನು ನಮ್ಮವನಾದನಲ್ಲ ಎಂದು ಸಂತೋಷ. ಆದರೆ ಅವನ ಬೂದಿ ಶಿಲುಬೆಯ ಆಕಾರದಲ್ಲಿತ್ತು. ಹಿಂದಿನ ವರ್ಷದ ಗರಿಗಳ ಭಾನುವಾರ ಆಶೀರ್ವದಿಸಿ ಕೊಟ್ಟ ಗರಿಗಳನ್ನೇ ಸುಟ್ಟು ಮಾಡಿದ ಬೂದಿ ಅದು ಎಂದೂ, ಅಲ್ಲಿಂದ ಈಸ್ಟರಿನವರೆಗೆ ನಲವತ್ತು ದಿನ ತಪಸ್ಸಿನ ಕಾಲ ಎಂದೂ ಅವನು ವಿವರಿಸಿದ. ಹಳೆಯ ಜಯಕಾರದ ಗರಿಯೇ ಮುಂದೆ ಹಣೆಯ ಬೂದಿಯಾಗುವ ಈ ಕ್ರಮ ನನಗೆ ಆಗ ಅರ್ಥವಾಗಲಿಲ್ಲ.

ಕೆಲವು ವರ್ಷಗಳ ಹಿಂದೆ, ಸಂಕ್ರಾಂತಿ ಕಳೆದ ಮೇಲೆ, ಅವನ ಪತ್ನಿ ಕಾಯಿಲೆಯಿಂದ ತೀರಿಕೊಂಡರು. ಮಣ್ಣಿಗೆ ಹೋಗಿಬಂದೆ. ಆಮೇಲೆ ಏನು ಮಾತಾಡಬೇಕೆಂದು ತಿಳಿಯದೆ ಎರಡು ತಿಂಗಳು ಸುಮ್ಮನಿದ್ದುಬಿಟ್ಟೆ. ತರಗತಿಯಲ್ಲಿ ಕರುಣರಸವನ್ನು ಗಂಟೆಗಟ್ಟಲೆ ಬೋಧಿಸುವವನಿಗೆ ಗೆಳೆಯನಿಗೆ ಹೇಳಲು ಒಂದು ವಾಕ್ಯ ಸಿಕ್ಕಲಿಲ್ಲ. ಅಷ್ಟರಲ್ಲಿ ರಜೆ ಬಂತು. ಮಾತಾಡಿಸಲು ಒಳ್ಳೆಯ ನೆಪವೆಂದು ಬೆಳಿಗ್ಗೆಯೇ ಫೋನು ಮಾಡಿ, ‘ಶುಭ ಶುಕ್ರವಾರದ ಶುಭಾಶಯ ಕಣೋ’ ಎಂದೆ. ‘ಶುಭ’ ಎಂಬ ಶಬ್ದವನ್ನು ನಂಬಿ ಕನ್ನಡ ಎಂ.ಎ. ಕೆಟ್ಟಿತು! ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

‘ಇವತ್ತು ಅದನ್ನ ಹೇಳಬಾರದು ಕಣೋ. ಇವತ್ತು ಸಾವಿನ ದಿನ. ಭಾನುವಾರ ಹೇಳು. ಫೋನಲ್ಲಿ ಬೇಡ, ನಾಳೆ ಬಂದುಬಿಡು.’

ಮರುದಿನ ಮಧ್ಯಾಹ್ನ ಸತ್ತೇಗಾಲದ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದೆ. ಅವನು ಬೈಕು ತಂದಿದ್ದ. ‘ಬಂದ್ಯಾ ಮಗ, ಕುಂತ್ಕೊ’ ಎಂದು ಅವನ ತಾಯಿ ಮಜ್ಜಿಗೆ ಕೊಟ್ಟರು. ಹತ್ತು ವರ್ಷದ ಮಗಳು ಬಾಗಿಲ ಹಿಂದಿನಿಂದ ನೋಡುತ್ತಿದ್ದಳು. ಮನೆಯಲ್ಲಿ ಹಬ್ಬದ ಸಡಗರವೇನೂ ಕಾಣಲಿಲ್ಲ. ಚರ್ಚಿಗೆ ಹೋದರೆ ಬಲಿಪೀಠದ ಮೇಲೆ ಬಟ್ಟೆಯೂ ಇಲ್ಲ. ಪ್ರಸಾದದ ಪೆಟ್ಟಿಗೆಯ ಬಾಗಿಲು ತೆರೆದು ಒಳಗು ಬರಿದಾಗಿತ್ತು. ಗುರುವಾರ ರಾತ್ರಿಯಿಂದ ಗಂಟೆ ಬಾರಿಸಿಲ್ಲವೆಂದ. ಗಂಟೆ ಬೇಕಾದಲ್ಲಿ ಮರದ ಹಲಗೆ ಬಡಿಯುತ್ತಾರಂತೆ.

‘ಇವತ್ತು ಪೂಜೇನೂ ಇಲ್ಲ. ಕಾಯೋದೇ ಕೆಲಸ’ ಎಂದ.

ನಮ್ಮಲ್ಲಿ ಸಾವಾದ ಮನೆಗೆ ಹನ್ನೊಂದು ದಿನ ಒಂದಲ್ಲ ಒಂದು ಕೆಲಸವಿರುತ್ತದೆ. ದುಃಖಕ್ಕೆ ಕುಳಿತುಕೊಳ್ಳಲು ಪುರಸತ್ತಿಲ್ಲ. ಏನೂ ಮಾಡಲಾಗದ ದಿನವೊಂದನ್ನು ಇವರು ವರ್ಷಕ್ಕೊಮ್ಮೆ ಎಲ್ಲರೂ ಕೂಡಿ ಕಳೆಯುತ್ತಾರೆ. ನಾವಿಬ್ಬರೂ ಸಂಜೆಯವರೆಗೆ ಜಗಲಿಯ ಮೇಲೆ ಕುಳಿತಿದ್ದೆವು. ಅವನು ಆಸ್ಪತ್ರೆಯ ಕೊನೆಯ ವಾರದ ಸಂಗತಿಗಳನ್ನು ಹೇಳಿದ. ನಾನು ಕೇಳಿದೆ. ಎರಡು ತಿಂಗಳು ಹುಡುಕಿದ ವಾಕ್ಯದ ಅಗತ್ಯವೇ ಇರಲಿಲ್ಲವೆಂದು ಆಗ ತಿಳಿಯಿತು.

ಮಾರ್ಚ್ 21ರಂದು ಅಥವಾ ಅದರ ಅನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರ ಈಸ್ಟರ್. ತಿಥಿ ನೋಡಿ ಹಬ್ಬ ಮಾಡುವ ನಮಗೆ ಈ ಲೆಕ್ಕ ಹೊಸದಲ್ಲ. ಆ ವರ್ಷ ಹುಣ್ಣಿಮೆ ಕಳೆದು ಐದಾರು ದಿನವಾಗಿತ್ತು. ರಾತ್ರಿ ನಾವು ಚರ್ಚಿನ ಅಂಗಳ ಸೇರಿದಾಗ ಚಂದ್ರ ಇನ್ನೂ ಮೂಡಿರಲಿಲ್ಲ. 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಕಳಿಸಿದ ಶಿವನಸಮುದ್ರ ಅಲ್ಲೇ ಹತ್ತಿರದಲ್ಲಿದೆ. ಆದರೂ ದೀಪಗಳನ್ನೆಲ್ಲ ಬೇಕೆಂದೇ ಆರಿಸಿದ್ದರು. ಅಂಗಳದಲ್ಲಿ ಹೊಸ ಬೆಂಕಿ ಹೊತ್ತಿಸಿದರು. ಪಾದ್ರಿಗಳು ಎತ್ತರದ ಮೇಣದಬತ್ತಿಯೊಂದರ ಮೇಲೆ ಶಿಲುಬೆ ಕೊರೆದು, ಗ್ರೀಕಿನ ಮೊದಲ ಮತ್ತು ಕೊನೆಯ ಅಕ್ಷರಗಳನ್ನೂ ಆ ವರ್ಷದ ನಾಲ್ಕು ಅಂಕಿಗಳನ್ನೂ ಗುರುತಿಸಿ, ಐದು ಗಾಯಗಳ ನೆನಪಿಗೆ ಐದು ಧೂಪದ ಹರಳು ಚುಚ್ಚಿ ಹೊತ್ತಿಸಿದರು. ಆ ಒಂದೇ ದೀಪ ಕತ್ತಲ ಚರ್ಚಿನೊಳಕ್ಕೆ ನಡೆಯಿತು. ಮೂರು ಕಡೆ ನಿಂತು, ಮೂರು ಸಲ ಕ್ರಿಸ್ತನ ಬೆಳಕನ್ನು ಸಾರಿದರು. ಅದರಿಂದ ಒಬ್ಬರ ಬತ್ತಿ, ಅವರಿಂದ ಪಕ್ಕದವರ ಬತ್ತಿ. ನನ್ನ ಕೈಯ ಬತ್ತಿಯನ್ನು ಹೊತ್ತಿಸಿದವಳು ಆ ಹುಡುಗಿ.

ಈ ವಿಧಿ ಶತಮಾನಗಳಿಂದ ಸರಿಯುತ್ತ ಸರಿಯುತ್ತ ಶನಿವಾರ ಬೆಳಿಗ್ಗೆಗೇ ಬಂದು ನಿಂತಿತ್ತೆಂದು ಓದಿದ್ದೇನೆ. ಹಗಲಿನಲ್ಲಿ ದೀಪ ಹಚ್ಚಿ ರಾತ್ರಿಯನ್ನು ಹೊಗಳುವ ವಿಚಿತ್ರ! ಹನ್ನೆರಡನೆಯ ಪಯಸ್ ಪೋಪರು 1951ರಲ್ಲಿ ರಾತ್ರಿಯ ಜಾಗರಣೆಗೆ ಅನುಮತಿಯಿತ್ತರು. 1956ರಿಂದ ಅದು ಎಲ್ಲೆಡೆಯ ನಿಯಮವಾಯಿತು. ನಮ್ಮ ತಾಲ್ಲೂಕು ಮೈಸೂರಿಗೆ ಮರಳಿದ ವರ್ಷವೇ ಈಸ್ಟರಿಗೆ ಅದರ ಕತ್ತಲೆ ಮರಳಿತು. ಲ್ಯಾಟಿನಿನ ಜಾಗಕ್ಕೆ ಜನರ ಮಾತು ಬಂದದ್ದು ಇನ್ನೂ ಈಚೆಗೆ, 1962ರಿಂದ 1965ರವರೆಗೆ ನಡೆದ ವ್ಯಾಟಿಕನ್ ಮಹಾಸಭೆಯ ಫಲವಾಗಿ. ಆ ರಾತ್ರಿ ಸೃಷ್ಟಿಯ ಕಥೆಯನ್ನು ತಮಿಳಿನಲ್ಲಿ ಓದಿದರು; ಕೆಂಪು ಸಮುದ್ರ ದಾಟಿದ ಕಥೆಯನ್ನು ಕನ್ನಡದಲ್ಲಿ.

ಆಮೇಲೆ ಒಮ್ಮೆಗೇ ದೀಪಗಳೆಲ್ಲ ಹತ್ತಿ, ಎರಡು ದಿನ ಮೂಕವಾಗಿದ್ದ ಗಂಟೆ ಬಾಯಿಬಿಟ್ಟಿತು. ಹುಡುಗಿ ತಂದೆಯ ಅಂಗಿ ಎಳೆದು ಕೇಳಿದಳು: ‘ಅಮ್ಮನೂ ಏಳ್ತಾಳಾ?’

‘ಏಳ್ತಾಳೆ.’

‘ನಾಳೆನಾ?’

‘ನಾಳೆ ಅಲ್ಲ ಮಗಳೇ. ಕಾಯಬೇಕು.’

ಆ ನಂಬಿಕೆ ನನ್ನದಲ್ಲ. ಆದರೆ ಅವನ ಉತ್ತರದಲ್ಲಿ ಸುಳ್ಳು ಸಮಾಧಾನವಿರಲಿಲ್ಲವೆಂಬುದಕ್ಕೆ ನಾನೇ ಸಾಕ್ಷಿ. ಅಂದು ಹಗಲೆಲ್ಲ ಅವನು ಕಾದದ್ದನ್ನು ಕಂಡಿದ್ದೆ. ಪಾದ್ರಿಗಳು ಹೊಸದಾಗಿ ಮಂತ್ರಿಸಿದ ನೀರನ್ನು ಎಲ್ಲರ ಮೇಲೆ ಚಿಮುಕಿಸುತ್ತ ಬಂದರು. ನನ್ನ ಮೇಲೂ ನಾಲ್ಕು ಹನಿ ಬಿದ್ದವು, ಒರೆಸಿಕೊಳ್ಳಲಿಲ್ಲ.

ಭಾನುವಾರ ತಾಯಿ ಮನೆಯವರಿಗೆ ಮಾಂಸದಡಿಗೆ ಮಾಡಿ, ನನಗೆಂದು ಬೇರೆ ಒಲೆಯಲ್ಲಿ ಪಾಯಸ ಕಾಯಿಸಿದರು. ಬಸ್ಸಿಗೆ ಕಾಯುತ್ತ ನಿಂತಾಗ ಅವನೆಂದ, ‘ಶುಕ್ರವಾರದ್ದು ಬಾಕಿ ಇದೆ. ಈಗ ಹೇಳು.’

‘ಹಬ್ಬದ ಶುಭಾಶಯ ಕಣೋ’ ಎಂದೆ. ಈ ಸಲ ಶಬ್ದ ತಪ್ಪಲಿಲ್ಲ. ಗಂಟಲು ಮಾತ್ರ ಸ್ವಲ್ಪ ತಪ್ಪಿತು.