ಹೊಸಿಲು ದಾಟಿದ ಮೇಲಿನ ವೇಗ

ಮನೆಯ ಇಂಟರ್ನೆಟ್ಟಿಗೆ ಎರಡು ವೇಗಗಳಿರುತ್ತವೆ. ಬೀದಿಯ ಕಂಬದಿಂದ ಹೊಸಿಲವರೆಗೆ ಬರುವುದು ಒಂದು. ಹೊಸಿಲಿನಿಂದ ಒಳಗಿನ ಕೋಣೆಯ ಫೋನು, ಲ್ಯಾಪ್‌ಟಾಪು, ಟೀವಿಗೆ ತಲುಪುವುದು ಇನ್ನೊಂದು. ತಿಂಗಳ ಬಿಲ್ಲು ಕಟ್ಟುವುದು ಮೊದಲನೆಯದಕ್ಕೆ, ಮನೆಮಂದಿ ಗೊಣಗುವುದು ಎರಡನೆಯದಕ್ಕೆ. ಗೊಣಗಾಟ ಜೋರಾದಾಗ ಬಹಳಷ್ಟು ಮನೆಗಳಲ್ಲಿ ಇನ್ನೂ ದುಬಾರಿಯ ಪ್ಲ್ಯಾನ್ ಹಾಕಿಸುತ್ತಾರೆ. ತೋಟದ ಪೈಪು ಸೋರುತ್ತಿರುವಾಗ ಪಂಪಿನ ಹಾರ್ಸ್‌ಪವರ್ ಏರಿಸುವ ಕೆಲಸ ಅದು.

ಹೊಸಿಲಿನಿಂದ ಒಳಗಿನ ಈ ದಾರಿಯ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳದ ಕಾಲವೂ ಇತ್ತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಭಾರತದ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಡಲು ಶುರುಮಾಡಿದಾಗ ಅದು ಬರುತ್ತಿದ್ದದ್ದು ಟೆಲಿಫೋನ್ ತಂತಿಯಲ್ಲಿ. ಡಯಲಪ್ ಮೋಡೆಮ್ ತನ್ನ ಕೊನೆಗಾಲದಲ್ಲಿ ಮುಟ್ಟಿದ ಗರಿಷ್ಠ ವೇಗ ಸೆಕೆಂಡಿಗೆ 56 ಕಿಲೋಬಿಟ್. ಕಂಪ್ಯೂಟರು ಫೋನಿನ ಪಕ್ಕದಲ್ಲೇ ಕೂತಿರುತ್ತಿದ್ದರಿಂದ ಮನೆಯೊಳಗೆ ಸೋರಿಹೋಗಲು ಜಾಗವೇ ಇರಲಿಲ್ಲ. ಕೇಂದ್ರ ಸರ್ಕಾರದ 2004ರ ನೀತಿಯ ಪ್ರಕಾರ 256 ಕಿಲೋಬಿಟ್ ಇದ್ದರೆ ಅದು ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳುತ್ತಿತ್ತು. ಇಂದು ಸಾಧಾರಣವೆನಿಸುವ 100 ಮೆಗಾಬಿಟ್‌ನ ಫೈಬರ್ ಅದರ ಹತ್ತಿರಹತ್ತಿರ 400 ಪಟ್ಟು. ಇಷ್ಟು ಹೆಚ್ಚಿದ್ದು ಹೊರಗಿನ ವೇಗ. ಒಳಗೆ ಮಾತ್ರ ರೂಟರ್ ಹೋಗಿ ಕೂತದ್ದು ಹಳೆಯ ಫೋನು ಕೂತಿದ್ದ ಜಾಗದಲ್ಲೇ.

ಸಾಗರ ಸೀಮೆಯಲ್ಲಿರುವ ಈ ಲೇಖಕನ ಹಿರಿಯರ ಮನೆಯಲ್ಲಿ ನಡೆದದ್ದೂ ಅದೇ. ಅಲ್ಲಿ ಟೆಲಿಫೋನು ಜಗಲಿಯ ಗೋಡೆಯ ಗೂಡಿನಲ್ಲಿತ್ತು. ಫೋನ್ ಮಾಡಲು ಬಂದ ಕೇರಿಯವರು ಒಳಮನೆಗೆ ಬರಬೇಕಾಗದಿರಲಿ ಎಂಬುದು ಆ ಜಾಗದ ಹಿಂದಿನ ಯೋಚನೆ. ಫೈಬರ್ ಎಳೆಯಲು ಬಂದ ಹುಡುಗರು ಕಿಟಕಿಯ ದಾರಂದದಲ್ಲಿ ಮೊದಲೇ ಇದ್ದ ಅದೇ ತೂತಿನಲ್ಲಿ ಕೇಬಲ್ ತೂರಿಸಿ, ಅದೇ ಗೂಡಿನಲ್ಲಿ ಪೆಟ್ಟಿಗೆ ಇಟ್ಟು ಹೋದರು. ರೇಡಿಯೊ ಅಲೆ ಹೊರಡಿಸುವ ಪೆಟ್ಟಿಗೆಗೆ ಅದಕ್ಕಿಂತ ಕೆಟ್ಟ ಜಾಗ ಇಡೀ ಮನೆಯಲ್ಲಿ ಸಿಗಲಾರದು. ಮೂರು ಬದಿಗೂ ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆ ಗೋಡೆ, ನಾಲ್ಕನೆಯ ಬದಿ ಅಂಗಳದ ಕಡೆಗೆ. ಅಂಗಳದಲ್ಲಿ ಒಣಗುತ್ತಿದ್ದ ಅಡಿಕೆಗೆ ಪೂರ್ತಿ ಸಿಗ್ನಲ್ ಸಿಗುತ್ತಿತ್ತು. ಅಟ್ಟದ ಮೇಲೆ ಕೂತು ಬೆಂಗಳೂರಿನ ಕಂಪನಿಯ ಕೆಲಸ ಮಾಡುತ್ತಿದ್ದ ಲೇಖಕನ ತಂಗಿಯ ಮಗಳಿಗೆ ಸಿಗುತ್ತಿರಲಿಲ್ಲ. 2020ರಲ್ಲಿ ಮಲೆನಾಡಿನ ಎಷ್ಟೋ ಮಕ್ಕಳು ಆನ್‌ಲೈನ್ ಪಾಠ ಕೇಳಲು ಸಿಗ್ನಲ್ ಹುಡುಕಿ ಗುಡ್ಡ ಹತ್ತಿ ಪ್ಲಾಸ್ಟಿಕ್ ಹಾಳೆಯ ಕೆಳಗೆ ಕೂತದ್ದನ್ನು ಕಂಡಿದ್ದ ಮನೆಗೆ ಇದು ದೊಡ್ಡ ತೊಂದರೆ ಎನಿಸಲೂ ಇಲ್ಲ.

ಸುಧಾರಣೆ ಅಳತೆಯಿಂದ ಶುರುವಾಗಬೇಕು. ಲ್ಯಾಪ್‌ಟಾಪನ್ನು ರೂಟರಿಗೆ ನೇರವಾಗಿ ಕೇಬಲ್‌ನಲ್ಲಿ ಜೋಡಿಸಿ ವೇಗ ನೋಡಬೇಕು. ಪ್ಲ್ಯಾನಿನ ವೇಗ ಅಲ್ಲಿ ಸಿಕ್ಕರೆ ಹೊರಗಿನ ಲೈನಿನ ತಪ್ಪೇನೂ ಇಲ್ಲ. ಬಳಿಕ ಅದೇ ಅಳತೆಯನ್ನು ಕೋಣೆಕೋಣೆಯಲ್ಲಿ ವೈಫೈ ಮೇಲೆ ತೆಗೆದರೆ ಸೋರಿಕೆಯ ನಕ್ಷೆ ತಾನಾಗಿ ಬರುತ್ತದೆ. ಪ್ಲ್ಯಾನಿನ ಲೆಕ್ಕ ಬಿಟ್‌ಗಳಲ್ಲಿ ಇರುತ್ತದೆ, ಡೌನ್‌ಲೋಡ್ ಆಗುವ ಫೈಲಿನ ಲೆಕ್ಕ ಬೈಟ್‌ಗಳಲ್ಲಿ. 8 ಬಿಟ್‌ಗೆ ಒಂದು ಬೈಟ್ ಆದ್ದರಿಂದ 100 ಮೆಗಾಬಿಟ್ ಲೈನಿನಲ್ಲಿ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್ ಬಂದರೆ ಪೂರ್ತಿ ಬಂದಂತೆ. ಇದು ಗೊತ್ತಿಲ್ಲದೆ ಆಗುವ ಜಗಳಗಳೂ ಕಡಿಮೆಯಿಲ್ಲ.

ವೈಫೈ ಹುಟ್ಟಿದ್ದು ಬೇರಾರಿಗೂ ಬೇಡವಾದ ರೇಡಿಯೊ ಪಟ್ಟಿಯಲ್ಲಿ. ಮೈಕ್ರೋವೇವ್ ಒಲೆಗಳು 2.45 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಮಾಡುತ್ತಿದ್ದುದರಿಂದ ಆ ನೆರೆಯಲ್ಲಿ ಗಂಭೀರ ಸಂಪರ್ಕಕ್ಕೆ ಯಾರೂ ಆಸೆಪಟ್ಟಿರಲಿಲ್ಲ. 1985ರಲ್ಲಿ ಅಮೆರಿಕದ ಸಂಪರ್ಕ ಆಯೋಗ ಅದನ್ನು ಪರವಾನಗಿಯಿಲ್ಲದೆ ಬಳಸಿಕೊಳ್ಳಿ ಎಂದು ಬಿಟ್ಟುಕೊಟ್ಟಿತು. 1997ರಲ್ಲಿ ಬಂದ ಮೊದಲ ಮಾನಕದ ವೇಗ 2 ಮೆಗಾಬಿಟ್, 1999ರದ್ದು 11. ಭಾರತದಲ್ಲಿ ಈ ಪಟ್ಟಿ 2005ರಲ್ಲಿ ಪರವಾನಗಿಯಿಂದ ಬಿಡುಗಡೆಯಾಯಿತು.

ಮನೆಯೊಳಗೆ ರೇಡಿಯೊ ಕಳಿಸುವುದರಲ್ಲಿ ದೂರಕ್ಕಿಂತ ಹೆಚ್ಚು ಕಾಡುವುದು ಪ್ರತಿಧ್ವನಿ. ಅಲೆ ಗೋಡೆ, ಬೀರು, ಕನ್ನಡಿಗಳಿಗೆ ಬಡಿದು ಹಲವು ದಾರಿಗಳಲ್ಲಿ ಹಿಂದುಮುಂದಾಗಿ ಬರುತ್ತದೆ. ಒಂದು ಅಕ್ಷರ ಮುಗಿಯುವ ಮೊದಲೇ ಹಿಂದಿನ ಅಕ್ಷರದ ಮಾರ್ದನಿ ಮೇಲೆ ಬಿದ್ದು ಎಲ್ಲ ಕಲಸಿಹೋಗುತ್ತದೆ. ಇದಕ್ಕೆ ಒಂದು ಗಟ್ಟಿ ಪರಿಹಾರ ಬಂದದ್ದು ಖಗೋಳಶಾಸ್ತ್ರದ ಕಡೆಯಿಂದ. ಜಾನ್ ಓ'ಸಲಿವನ್ ಎಂಬ ಆಸ್ಟ್ರೇಲಿಯಾದ ವಿಜ್ಞಾನಿ 1970ರ ದಶಕದಲ್ಲಿ, ಸಿಡಿಯುವ ಪುಟಾಣಿ ಕಪ್ಪುಕುಳಿಗಳ ರೇಡಿಯೊ ಮಿಡಿತವನ್ನು ಹುಡುಕಿದ್ದರು. ಕಪ್ಪುಕುಳಿ ಸಿಗಲಿಲ್ಲ. ಚದುರಿದ ಸಂಕೇತವನ್ನು ಕೂಡಿಸುವ ಗಣಿತ ಕೈಯಲ್ಲಿ ಉಳಿಯಿತು. ಅವರೂ ಸಿಎಸ್‌ಐಆರ್‌ಒ ಸಂಸ್ಥೆಯ ಅವರ ಸಂಗಡಿಗರೂ 1992ರಲ್ಲಿ ಮನೆಯೊಳಗಿನ ನಿಸ್ತಂತು ಜಾಲಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಒಂದೇ ವೇಗದ ಹೊಳೆಯ ಬದಲು ದತ್ತಾಂಶವನ್ನು ಹತ್ತಾರು ನಿಧಾನದ ಕಾಲುವೆಗಳಿಗೆ ಹಂಚಿಬಿಟ್ಟರೆ, ಪ್ರತಿ ಅಕ್ಷರಕ್ಕೂ ಮಾರ್ದನಿ ಅಡಗುವಷ್ಟು ಬಿಡುವು ಸಿಗುತ್ತದೆ. 2009ರ ಮಾನಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಲವು ಆಂಟೆನಾಗಳ ಬಲದಿಂದ ಆ ಬೇರೆಬೇರೆ ದಾರಿಗಳನ್ನೇ ದುಡಿಸಿಕೊಂಡಿತು.

ದಪ್ಪ ಗೋಡೆಗೆ ಮಾತ್ರ ಗಣಿತದಲ್ಲಿ ಮದ್ದಿಲ್ಲ. ವೈಫೈಯ 2.4 ಗಿಗಾಹರ್ಟ್ಸ್ ಪಟ್ಟಿಯ ಅಲೆಯ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್, 5 ಗಿಗಾಹರ್ಟ್ಸ್ ಪಟ್ಟಿಯದ್ದು ಅದರ ಅರ್ಧಕ್ಕಿಂತಲೂ ಕಡಿಮೆ. ಮೊದಲನೆಯದು ಗೋಡೆ ದಾಟುವುದರಲ್ಲಿ ವಾಸಿ, ಆದರೆ ಅದರಲ್ಲಿ ನೆರೆಹೊರೆಯವರ ಜಂಗುಳಿ. ಒಂದರ ಮೇಲೊಂದು ಬೀಳದ ಚಾನೆಲ್‌ಗಳೆಂದರೆ 1, 6 ಮತ್ತು 11 ಮಾತ್ರ. ಎರಡನೆಯದು ವೇಗದಲ್ಲಿ ಮುಂದು, ಗೋಡೆ ಕಂಡರೆ ಹಿಂದು. ಅದು ರೂಟರ್ ಇರುವ ಕೋಣೆಗೆ ಮತ್ತು ಹೆಚ್ಚೆಂದರೆ ಪಕ್ಕದ ಕೋಣೆಗೆ. ನೀರು ಈ ಅಲೆಗಳನ್ನು ಚೆನ್ನಾಗಿ ಹೀರುತ್ತದೆ. ಆಷಾಢದ ಮಳೆಗೆ ನೆನೆದು ತಂಪು ಹಿಡಿದ ಜಂಬಿಟ್ಟಿಗೆ ಬೇಸಿಗೆಯ ಒಣಗೋಡೆಗಿಂತ ಹೆಚ್ಚು ನುಂಗುವುದು ಅದಕ್ಕೇ. ಕಬ್ಬಿಣದ ಸರಳಿರುವ ಆರ್‌ಸಿಸಿ ತಾರಸಿ, ಉಕ್ಕಿನ ಬೀರು, ನೀರಿನ ಟ್ಯಾಂಕು ಇವೆಲ್ಲ ಅದೇ ಪಂಗಡ.

ಆದ್ದರಿಂದ ಖರ್ಚಿಲ್ಲದ ಚಿಕಿತ್ಸೆಯೇ ಮೊದಲು. ರೂಟರನ್ನು ಗೂಡಿನಿಂದ ಹೊರಗೆ ತೆಗೆದು, ಮನೆಯ ನಡುವಿಗೆ, ಆಳೆತ್ತರಕ್ಕೆ ಏರಿಸುವುದು. ಉದ್ದನೆಯ ಆಂಟೆನಾ ತನ್ನ ಸುತ್ತಲೂ ಅಡ್ಡಡ್ಡ ಹರಡುತ್ತದೆ, ತುದಿಯ ದಿಕ್ಕಿಗೆ ಬಹಳ ಕಡಿಮೆ. ಮಹಡಿಯೋ ಅಟ್ಟವೋ ಇರುವ ಮನೆಯಲ್ಲಿ ಒಂದನ್ನು ನೆಟ್ಟಗೆ ನಿಲ್ಲಿಸಿ ಇನ್ನೊಂದನ್ನು ಮಲಗಿಸಿ ನೋಡುವುದು ಒಳ್ಳೆಯದು. ಸಾಗರದ ಮನೆಯಲ್ಲಿ ಪೆಟ್ಟಿಗೆ ಜಗಲಿಯಿಂದ ನಡುಮನೆಗೆ ಬಂದದ್ದರಿಂದಲೇ ಅರ್ಧ ದೂರು ಮುಗಿಯಿತು.

ಅಂಗಡಿಯಲ್ಲಿ ಮೊದಲು ತೋರಿಸುವ ರಿಪೀಟರ್ ಮಾತ್ರ ಅನುಮಾನದ ವಸ್ತು. ಒಂದೇ ರೇಡಿಯೊದಲ್ಲಿ ಕೇಳಿ ಅದನ್ನೇ ಮತ್ತೆ ಹೇಳುವ ರಿಪೀಟರ್ ವೇಗವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ವೈಫೈಯಲ್ಲಿ ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಫೋನಿನಲ್ಲಿ ಸಿಗ್ನಲ್ ಗೀಟುಗಳು ತುಂಬಿ ತೋರುತ್ತವೆ, ಕೆಲಸ ಸಾಗುವುದಿಲ್ಲ. ಮೆಶ್ ಎನ್ನುವ ಜೋಡಿ ಪೆಟ್ಟಿಗೆಗಳು ಇದಕ್ಕಿಂತ ಜಾಣ. ಆದರೆ ಅವುಗಳ ನಡುವೆಯೂ ಅದೇ ಗೋಡೆ ಅಡ್ಡ ನಿಂತಿದ್ದರೆ ಜಾಣತನ ಅಲ್ಲಿಗೇ ನಿಲ್ಲುತ್ತದೆ.

ಗೋಡೆಯನ್ನು ಈಗಾಗಲೇ ದಾಟಿರುವ ತಂತಿಯೊಂದು ಪ್ರತಿ ಮನೆಯಲ್ಲೂ ಇದೆ, ಅದು ಕರೆಂಟಿನದು. ಅದರಲ್ಲೇ ಮಾತು ಕಳಿಸುವ ಯೋಚನೆ ಹಳೆಯದು. ವಿದ್ಯುತ್ ಕಂಪನಿಗಳು 1920ರ ದಶಕದಲ್ಲೇ ತಮ್ಮ ದೂರದ ಲೈನುಗಳ ಮೇಲೆ ಟೆಲಿಫೋನ್ ಮಾತು ಹರಿಸಿದ್ದವು. ಕರ್ನಾಟಕದ ಪ್ರಸರಣ ಜಾಲದಲ್ಲೂ ಸಬ್‌ಸ್ಟೇಷನ್‌ಗಳು ಇದೇ ವಿಧಾನದಲ್ಲಿ ಒಂದಕ್ಕೊಂದು ಸುದ್ದಿ ಮುಟ್ಟಿಸಿವೆ. ಹೈಟೆನ್ಷನ್ ಲೈನು ಸಬ್‌ಸ್ಟೇಷನ್ ಸೇರುವ ಜಾಗದಲ್ಲಿ ಕಾಣುವ ದಪ್ಪ ಸುರುಳಿ ಆ ಮಾತನ್ನು ಲೈನಿನಲ್ಲೇ ತಡೆದು ನಿಲ್ಲಿಸುವ ಸಾಧನ. ಶರಾವತಿ ಜಲವಿದ್ಯುತ್ ಯೋಜನೆಯ ನೀರಿಗೆ ಊರುಗಳನ್ನು ಬಿಟ್ಟುಕೊಟ್ಟ ಸಾಗರ ಸೀಮೆಯವರಿಗೆ ಆ ಲೈನುಗಳು ತೋಟದ ಮೇಲೆಯೇ ಹಾದುಹೋಗುವ ಪರಿಚಿತರು. ಮನೆಬಳಕೆಯ ರೂಪ ಬಂದದ್ದು ಬಹಳ ತಡವಾಗಿ. 2001ರ ಹೋಮ್‌ಪ್ಲಗ್ ಮಾನಕ 14 ಮೆಗಾಬಿಟ್ ಕೊಟ್ಟಿತು, 2005ರದ್ದು 200. ಪವರ್‌ಲೈನ್ ಎನ್ನುವ ಈ ಜೋಡಿ ಅಡಾಪ್ಟರುಗಳಲ್ಲಿ ಒಂದನ್ನು ರೂಟರಿನ ಹತ್ತಿರದ ಪ್ಲಗ್ಗಿಗೂ ಇನ್ನೊಂದನ್ನು ದೂರದ ಕೋಣೆಯ ಪ್ಲಗ್ಗಿಗೂ ಸಿಕ್ಕಿಸಿದರೆ, 50 ಹರ್ಟ್ಸ್‌ನ ಕರೆಂಟಿನ ಬೆನ್ನೇರಿ 2 ಮೆಗಾಹರ್ಟ್ಸ್‌ಗಿಂತ ಮೇಲಿನ ಸಂಕೇತ ಸಾಗುತ್ತದೆ. ವೈಫೈಯನ್ನು ಪ್ರತಿಧ್ವನಿಯಿಂದ ಪಾರು ಮಾಡಿದ ಹಲವು ಕಾಲುವೆಗಳ ಉಪಾಯವೇ ಇಲ್ಲಿಯೂ ದುಡಿಯುತ್ತದೆ.

ಡಬ್ಬಿಯ ಮೇಲೆ ಬರೆದ 1000 ಎಂಬ ಅಂಕಿಯನ್ನು ನಂಬಬಾರದು. ಅದು ಎರಡೂ ದಿಕ್ಕಿನದ್ದನ್ನು ಕೂಡಿಸಿದ, ಕಾಗದದ ಮೇಲಿನ ವೇಗ. ಮೂರನೆಯ ಒಂದು ಪಾಲು ದಕ್ಕಿದರೂ ವೈರಿಂಗ್ ಉತ್ತಮವೆನ್ನಬೇಕು. 500 ಎಂದು ಬರೆದ ಕೆಲವು ಅಡಾಪ್ಟರುಗಳ ಬೆನ್ನಿಗಿರುವ ಕೇಬಲ್ ರಂಧ್ರ 100ಕ್ಕಿಂತ ಹೆಚ್ಚು ಬಿಡುವುದೇ ಇಲ್ಲ. ಅಡಾಪ್ಟರನ್ನು ಗೋಡೆಯ ಪ್ಲಗ್ಗಿಗೆ ನೇರ ಹಾಕಬೇಕು. ಸರ್ಜ್ ತಡೆಯುವ ಎಕ್ಸ್‌ಟೆನ್ಷನ್ ಬೋರ್ಡ್ ಸಂಕೇತವನ್ನೂ ಗದ್ದಲವೆಂದು ತಿಳಿದು ಸೋಸಿಬಿಡುತ್ತದೆ. ಮೂರು ಫೇಸಿನ ಮನೆಯಲ್ಲಿ ಎರಡು ಅಡಾಪ್ಟರ್ ಬೇರೆ ಬೇರೆ ಫೇಸಿಗೆ ಬಿದ್ದರೆ ಸಂಪರ್ಕ ಸೊರಗುತ್ತದೆ. ನಮ್ಮ ಕಡೆಯ ವಿಶೇಷ ತೊಡಕು ಇನ್ವರ್ಟರ್. ದೀಪ, ಫ್ಯಾನು, ಟೀವಿಯ ಸಾಲು ಅದರ ಮೂಲಕ, ಫ್ರಿಜ್ಜಿನದು ನೇರ. ಕರೆಂಟು ಹೋದ ಗಳಿಗೆ ಎರಡೂ ಬೇರೆಯಾಗುತ್ತವೆ. ನೇರ ಸಾಲಿನ ಅಡಾಪ್ಟರ್ ಆರಿಹೋಗುತ್ತದೆ, ಇನ್ವರ್ಟರ್ ಸಾಲಿನದ್ದು ಉತ್ತರ ಬಾರದ ಕಡೆಗೆ ಮಾತಾಡುತ್ತಿರುತ್ತದೆ. ಹೊಸ ಅಡಾಪ್ಟರುಗಳು ಅರ್ತಿಂಗ್ ತಂತಿಯನ್ನೂ ಇನ್ನೊಂದು ದಾರಿಯಾಗಿ ಬಳಸುತ್ತವೆ. ಮರದ ಪಟ್ಟಿಯ ಮೇಲೆ ವೈರ್ ಎಳೆದ, ಎರಡೇ ತೂತಿನ ಪ್ಲಗ್ಗುಗಳ ಹಳೆಯ ಮನೆಗಳಿಗೆ ಆ ಲಾಭವಿಲ್ಲ. ಸಾಗರದ ಮನೆ ಅಂಥದ್ದೇ. ಅಲ್ಲಿ ಪವರ್‌ಲೈನ್ ಜೋಡಿ ಅಟ್ಟಕ್ಕೆ ಸಂಪರ್ಕವನ್ನೇನೋ ಒಯ್ದಿತು. ಆದರೆ ಮಿಕ್ಸಿಯ ಮೋಟರಿನ ಕಿಡಿಗಳು ಅದೇ ತಂತಿಗೆ ಗದ್ದಲ ಸುರಿಯುತ್ತವೆ. ಅಡುಗೆಮನೆಯಲ್ಲಿ ಚಟ್ನಿ ರುಬ್ಬುವಾಗೆಲ್ಲ ಅಟ್ಟದ ಮೀಟಿಂಗಿನಲ್ಲಿ ಮುಖಗಳು ಅಲ್ಲಲ್ಲೇ ನಿಂತುಬಿಡುತ್ತಿದ್ದವು. ಹೊಸ ವೈರಿಂಗಿನ ಬಾಡಿಗೆ ಫ್ಲ್ಯಾಟಿನಲ್ಲಿ, ಗೋಡೆ ಕೊರೆಯಲು ಮಾಲೀಕರು ಬಿಡದ ಕಡೆ, ಇದೇ ಸಾಧನ ಮರ್ಯಾದೆಯಿಂದ ನಡೆದುಕೊಳ್ಳುತ್ತದೆ.

ಉಳಿದದ್ದು ಕೇಬಲ್. ಇದರ ಚರಿತ್ರೆಯಲ್ಲಿ ಒಂದು ತಮಾಷೆಯಿದೆ. ಈಥರ್ನೆಟ್ಟಿನ ಮೂಲ ಕಲ್ಪನೆ ಬಂದದ್ದು ನಿಸ್ತಂತಿನಿಂದ. ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ದ್ವೀಪದ್ವೀಪಗಳ ಕಂಪ್ಯೂಟರುಗಳನ್ನು ರೇಡಿಯೊದಿಂದ ಬೆಸೆದಿದ್ದರು. ಬೇಕಾದಾಗ ಕಳಿಸು, ಇನ್ನೊಬ್ಬರದಕ್ಕೆ ಢಿಕ್ಕಿಯಾದರೆ ಸ್ವಲ್ಪ ತಡೆದು ಮತ್ತೆ ಕಳಿಸು ಎಂಬುದಷ್ಟೇ ಅದರ ನಿಯಮ. ಕ್ಯಾಲಿಫೋರ್ನಿಯಾದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿದ್ದ ರಾಬರ್ಟ್ ಮೆಟ್‌ಕಾಫ್ ಆ ನಿಯಮವನ್ನು ತಿದ್ದಿ, ಗಾಳಿಯ ಬದಲು ಒಂದು ದಪ್ಪ ಕೇಬಲ್ಲಿಗೆ ಇಳಿಸಿ, 1973ರ ಮೇ 22ರ ಟಿಪ್ಪಣಿಯಲ್ಲಿ ಬರೆದಿಟ್ಟರು. ಡೇವಿಡ್ ಬಾಗ್ಸ್ ಜೊತೆ ಅವರು ಕಟ್ಟಿದ ಮೊದಲ ಜಾಲದ ವೇಗ 2.94 ಮೆಗಾಬಿಟ್. ಇಂದಿನ ಕೇಬಲ್ಲಿನೊಳಗೆ ಎರಡೆರಡಾಗಿ ಹೊಸೆದ ನಾಲ್ಕು ಜೋಡಿ ತಾಮ್ರದ ಎಳೆಗಳಿರುತ್ತವೆ. ಹೊಸೆದರೆ ಹೊರಗಿನ ಗದ್ದಲ ಎರಡೂ ಎಳೆಗೆ ಸಮನಾಗಿ ತಾಗಿ ವಜಾ ಆಗುತ್ತದೆ. ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ದ ಉಪಾಯವಿದು.

ಕ್ಯಾಟ್ 5ಇ ಕೇಬಲ್ 100 ಮೀಟರಿನವರೆಗೆ ಗಿಗಾಬಿಟ್ ಒಯ್ಯುತ್ತದೆ. ಅದಕ್ಕಿಂತ ಉದ್ದದ ಮನೆ ಕಟ್ಟಿಸಿದವರು ಅಪರೂಪ. ಕೊಳ್ಳುವಾಗ ಅಪ್ಪಟ ತಾಮ್ರವೇ ಎಂದು ಕೇಳಬೇಕು. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿಯೂ ಅದೇ ಬಣ್ಣದ ಹೊದಿಕೆಯಲ್ಲಿ, ಕಡಿಮೆ ಬೆಲೆಗೆ ಸಿಗುತ್ತದೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡು ಸಾಕು. ದೊಡ್ಡ ಪ್ಲ್ಯಾನ್ ಇದ್ದೂ ವೇಗ 94ರ ಆಸುಪಾಸಿನಲ್ಲಿ ಅಂಟಿ ನಿಂತರೆ, ಒಂದು ಎಳೆ ತುಂಡಾಗಿದೆ ಅಥವಾ ನಡುವೆ ಹಳೆಯ ಪೋರ್ಟ್ ಇದೆ ಎಂದರ್ಥ. ಅಟ್ಟದಲ್ಲಿ ಎಳೆ ತುಂಡರಿಸುವ ಕೆಲಸ ಸಾಮಾನ್ಯವಾಗಿ ಇಲಿಯದು, ಪಿವಿಸಿ ಪೈಪಿನೊಳಗೆ ಎಳೆದರೆ ಅದರ ಕಾಟವಿಲ್ಲ. ಹೊಸ ಮನೆ ಕಟ್ಟಿಸುವವರು ಗಿಲಾವಿಗೆ ಮುಂಚೆ ಕೋಣೆಗೊಂದು ಖಾಲಿ ಪೈಪು ಹುಗಿಸಿಟ್ಟರೆ ಸಾಕು, ಒಳಗಿನ ಕೇಬಲ್ ಯಾವಾಗಲಾದರೂ ಬದಲಾಯಿಸಬಹುದು. ಕರೆಂಟಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ಮಾತ್ರ ಕೂಡದು.

ವೈಫೈ, ಪವರ್‌ಲೈನ್, ಕೇಬಲ್ ಈ ಮೂರರಲ್ಲಿ ಒಂದನ್ನೇ ಆರಿಸಬೇಕಾಗಿಯೂ ಇಲ್ಲ. ಟೀವಿ, ಕಚೇರಿ ಕೆಲಸದ ಲ್ಯಾಪ್‌ಟಾಪಿನಂಥ ಕೂತಲ್ಲೇ ಕೂರುವವಕ್ಕೆ ಕೇಬಲ್. ಅವು ಗಾಳಿಯಿಂದ ಹೊರಗುಳಿದಷ್ಟೂ ಓಡಾಡುವ ಫೋನುಗಳಿಗೆ ವೈಫೈ ಸಲೀಸು. ದೂರದ ಕೋಣೆಗೆ ಕೇಬಲ್ ಎಳೆದು, ಅದರ ತುದಿಗೆ ಇನ್ನೊಂದು ವೈಫೈ ಪೆಟ್ಟಿಗೆ ಕೂರಿಸಿದರೆ ರೇಡಿಯೊಗೆ ಉಳಿಯುವುದು ಒಂದು ಕೋಣೆಯಷ್ಟು ದಾರಿ. ಸಾಗರದ ಅಟ್ಟದಲ್ಲಿ ಈಗಿರುವುದು ಈ ಏರ್ಪಾಡು.

ತಾಮ್ರಕ್ಕೆ ಮಲೆನಾಡಿನಲ್ಲಿ ಒಬ್ಬ ಶತ್ರು ಇದ್ದಾನೆ, ಸಿಡಿಲು. ಟೆಲಿಫೋನ್ ತಂತಿಯ ಕಾಲದಲ್ಲಿ ಏಪ್ರಿಲ್‌ನ ಮೊದಲ ಗುಡುಗಿಗೇ ಒಳಗಿನಿಂದ "ಮೋಡೆಮ್ ಕಿತ್ತಿಡು ಮಾರಾಯಾ" ಎಂಬ ಕೂಗು ಬರುತ್ತಿತ್ತು. ಗಾಜಿನ ಎಳೆಯಲ್ಲಿ ಕರೆಂಟು ಹರಿಯದಿದ್ದರೂ, ಬಲಕ್ಕೆಂದು ಉಕ್ಕಿನ ತಂತಿ ಸೇರಿಸಿದ ಫೈಬರ್ ಕೇಬಲ್ಲುಗಳೂ ಉಂಟು. ಕರೆಂಟಿನ ಲೈನಿನ ದಾರಿಯಂತೂ ತೆರೆದೇ ಇದೆ. ಪ್ಲಗ್ ಕೀಳುವ ಅಭ್ಯಾಸವನ್ನು ಬಿಡಬೇಕಾಗಿಲ್ಲ. ಮನೆಯಿಂದ ಕೊಟ್ಟಿಗೆಗೋ ಅಡಿಕೆ ಸುಲಿಯುವ ಚಪ್ಪರಕ್ಕೋ ಸಂಪರ್ಕ ಬೇಕಾದರೆ ಅಂಗಳದ ಮೇಲೆ ತಾಮ್ರ ಎಳೆಯುವುದು ಅಪಾಯ. ಅಲ್ಲಿಗೆ ಲೋಹದ ಎಳೆಯಿಲ್ಲದ ಫೈಬರ್ ಒಯ್ದು, ಎರಡೂ ತುದಿಗೆ ಪರಿವರ್ತಕ ಹಾಕುವುದೇ ಸರಿಯಾದ ಕ್ರಮ. ಕರೆಂಟು ಹೋದಾಗಿನ ವೇಗ ಸೊನ್ನೆಯಾಗದಂತೆ ರೂಟರಿಗೊಂದು ಪುಟ್ಟ ಡಿಸಿ ಯುಪಿಎಸ್ ಸಾಕು. ಅದರ ವೋಲ್ಟೇಜು ರೂಟರಿನ ಅಡಾಪ್ಟರಿನ ಮೇಲೆ ಬರೆದಷ್ಟೇ ಇರಬೇಕು. ಫೈಬರ್ ಇಳಿಯುವ ಪೆಟ್ಟಿಗೆ ಬೇರೆಯೇ ಇದ್ದರೆ ಅದಕ್ಕೂ ಒಂದು ಬೇಕು.